ಮೇಲುಕೋಟೆಗೆ ಎರಡು ಗಂಟೆ ಸಾಕಾ?

ಹೋದ ಸಂಚಿಕೆಯಲ್ಲಿ ಮಂಡ್ಯ ಕಡೆಯ ಬೆಟ್ಟಗಳ ಬಗ್ಗೆ ಬರೆಯುವಾಗ, "ಒಂದು ರಾತ್ರಿ ಉಳಿಯದವರು ಮೇಲುಕೋಟೆ ನೋಡಿಲ್ಲ" ಅಂತ ಒಂದು ಸಾಲು ಸೇರಿಸಿದ್ದೆ. ಸುಮ್ನೆ ಬರೆದದ್ದು. ಆದರೆ ಪತ್ರಗಳು ಬಂದವು ನೋಡಿ! ಕೆಲವರು ಪ್ರಶ್ನೆ ಕೇಳಿದ್ದಾರೆ, ಒಬ್ಬರು ಜಗಳಕ್ಕೇ ನಿಂತಿದ್ದಾರೆ, ಇನ್ನೊಬ್ಬರು ಪುಳಿಯೋಗರೆ ಬಿಟ್ಟರೆ ಬೇರೇನೂ ಕೇಳಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಬೆಟ್ಟದೂರಿಗೇ.

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮೈಸೂರಿಗೆ ಮೂರು ದಿನ ಬರ್ತೀವಿ. ನಮ್ಮ ಡ್ರೈವರ್ "ಮೇಲುಕೋಟೆಗೆ ಎರಡು ತಾಸು ಸಾಕ್ರೀ, ದರ್ಶನ ಮಾಡಿ ಪುಳಿಯೋಗರೆ ತಿಂದು ಹೊಳ್ಳಿ ಬರೋಣ" ಅಂತಾನ. ನೀವು ನೋಡಿದ್ರ ರಾತ್ರಿ ಉಳೀರಿ ಅಂತೀರಿ. ಅಷ್ಟು ನೋಡಾಕ ಏನೈತಿ ಅಲ್ಲಿ? ಜೊತೆಗೆ ನಮ್ಮವ್ವಗ 74 ವರ್ಷ, ಮೊಣಕಾಲು ನೋವು. ಬೆಟ್ಟ ಹತ್ತಸಬೇಕೋ ಬ್ಯಾಡೋ?

ನಿಮ್ಮ ಡ್ರೈವರ್ ಹೇಳಿದ್ದು ತಪ್ಪಲ್ಲ. ದರ್ಶನಕ್ಕೆ ಎರಡು ಗಂಟೆ ಧಾರಾಳ ಸಾಕು. ತೊಂದರೆ ಏನಂದರೆ ಆ ಎರಡು ಗಂಟೆ ಯಾವಾಗ ಬೀಳುತ್ತದೆ ಅನ್ನೋದು. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಹೋಟೆಲಿನಲ್ಲಿ ತಿಂಡಿ ಮುಗಿಸಿ, ದಾರಿಯಲ್ಲಿ ಶ್ರೀರಂಗಪಟ್ಟಣ ನೋಡಿ ಹೊರಟವರು ಮೇಲುಕೋಟೆ ಮುಟ್ಟುವ ಹೊತ್ತಿಗೆ ಸರಿಯಾಗಿ ನಡುಮಧ್ಯಾಹ್ನ. ಆಗ ದೇವಸ್ಥಾನದ ಬಾಗಿಲು ಹಾಕಿರುತ್ತಾರೆ, ಮತ್ತೆ ತೆಗೆಯುವುದು ಸಂಜೆಗೆ. ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಒಂದೂವರೆ ಗಂಟೆ ಬಿಸಿಲಲ್ಲಿ, ಚಪ್ಪಲಿ ಕಾರಲ್ಲೇ ಬಿಟ್ಟು, ಕಲ್ಲು ಚಪ್ಪಡಿ ಮೇಲೆ ಕುಣಿಯುತ್ತಾ ಓಡಿದ್ದು, ಮಗಳು ಅತ್ತಿದ್ದು, ಮುಚ್ಚಿದ ಬಾಗಿಲಿಗೇ ಕೈಮುಗಿದು ವಾಪಸ್ ಬಂದದ್ದು. ಮನೆಗೆ ಹೋಗಿ ಎಲ್ಲರಿಗೂ "ಮೇಲುಕೋಟೆ ನೋಡಿ ಬಂದ್ವಿ" ಅಂದದ್ದು ಮಾತ್ರ ನಿಜ!

ಹಾಗಾಗಿ ತಿರುಗಿಸಿ ಯೋಚನೆ ಮಾಡಿ. ಮೈಸೂರಿನಲ್ಲೇ ಊಟ ಮುಗಿಸಿ, ನಾಲ್ಕು ಗಂಟೆ ಹೊತ್ತಿಗೆ ಅಲ್ಲಿರಿ. ಊರು ಇರುವುದೇ ಬೆಟ್ಟದ ಮೇಲೆ. ಆ ಊರಿನ ನೆತ್ತಿಯ ಮೇಲೆ ಇನ್ನೊಂದು ಬಂಡೆಗುಡ್ಡ, ಅದರ ತುದಿಯಲ್ಲಿ ಯೋಗನರಸಿಂಹ. ಚೆಲುವನಾರಾಯಣಸ್ವಾಮಿ ದೇವಸ್ಥಾನ ಮಾತ್ರ ಊರೊಳಗೇ ಇದೆ, ನಿಮ್ಮ ತಾಯಿಯವರು ನಿಧಾನಕ್ಕೆ ನಡೆದುಕೊಂಡು ಹೋಗಬಹುದು. ಅಲ್ಲಿ ದರ್ಶನ ಆದ ಮೇಲೆ ಅವರನ್ನು ಕಲ್ಯಾಣಿಯ ಮಂಟಪದ ನೆರಳಿಗೆ ಕರೆತನ್ನಿ. ಸುತ್ತಲೂ ಕಲ್ಲಿನ ಮೆಟ್ಟಿಲು, ಕಂಬಸಾಲಿನ ಮಂಟಪಗಳು, ಎದುರಿಗೆ ನರಸಿಂಹನ ಗುಡ್ಡ ನೀರಲ್ಲಿ ತಲೆಕೆಳಗಾಗಿ ಕಾಣುತ್ತಿರುತ್ತದೆ. ಸಂಜೆ ಐದೂವರೆಗೆ ಬಿಸಿಲು ಆ ಗುಡ್ಡದ ಮೇಲೆ ಬಿದ್ದಾಗ ಬಂಡೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ನೋಡಿಕೊಂಡು ಅರ್ಧ ಗಂಟೆ ಕೂತರೆ ಅವರಿಗೆ ಬೆಟ್ಟ ಹತ್ತಿದ್ದಕ್ಕಿಂತ ಜಾಸ್ತಿ ಸಿಕ್ಕಿತು ಅಂತಲೇ ನಾನು ಹೇಳೋದು.

ಬೆಟ್ಟ ಹತ್ತಿಸಬೇಡಿ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಕೆಲವು ಮೆಟ್ಟಿಲುಗಳು ನಮ್ಮ ಮೊಣಕಾಲಿಗೆ ಅಲ್ಲ, ಆ ಕಾಲದವರ ಮೊಣಕಾಲಿಗೆ ಅಂತ ಕಡೆದವು. ನೀವು ಗಂಡ ಹೆಂಡತಿ ಮಾರನೇ ದಿನ ಬೆಳಿಗ್ಗೆ ಹತ್ತಿ. ಬೆಳಿಗ್ಗೆ ಬೇಗ, ತಂಪಿನಲ್ಲಿ. ಮೇಲಿಂದ ನೋಡಿದರೆ ಒಂದು ಕಡೆ ಊರಿನ ಹೆಂಚು, ಕೊಳ, ತೆಂಗು. ಇನ್ನೊಂದು ಕಡೆ ಕುರುಚಲು ಕಾಡು. ಅದರಾಚೆ ಕಣ್ಣು ಹಾಯುವ ತನಕ ಕೆರೆ, ಗದ್ದೆ, ಕಬ್ಬು. ರಾತ್ರಿ ಉಳಿಯಿರಿ ಅಂದದ್ದು ಇದಕ್ಕೆ. ಈ ಊರಿಗೆ ಸಂಜೆ ಒಂದು ಮುಖ, ಬೆಳಿಗ್ಗೆ ಒಂದು ಮುಖ. ಮಧ್ಯಾಹ್ನ ಮುಖವೇ ಇಲ್ಲ.

ಪ್ರಶ್ನೆ: ದೆಹಲಿ ಸುಲ್ತಾನನ ಮಗಳು ಮೇಲುಕೋಟೆಯಲ್ಲಿ ಪೂಜೆಗೊಳ್ಳುತ್ತಾಳೆ ಅಂತ ವಾಟ್ಸಾಪಿನಲ್ಲಿ ಬಂತು. ಇದು ನಿಜವೋ, ಯಾರೋ ಕಟ್ಟಿದ್ದೋ? — ಒಬ್ಬ ಕಾಲೇಜು ವಿದ್ಯಾರ್ಥಿನಿ, ತುಮಕೂರು

ಪೂಜೆಗೊಳ್ಳುವುದು ನಿಜ. ಕಥೆ ಕಥೆಯೇ, ಆದರೆ ವಾಟ್ಸಾಪಿನವರು ಕಟ್ಟಿದ್ದಲ್ಲ, ತುಂಬ ಹಳೆಯದು.

ಮೊದಲು ಇತಿಹಾಸಕ್ಕೆ ಸೇರಿದ್ದು. ಚೋಳ ದೊರೆಯ ಕಿರುಕುಳ ತಾಳಲಾರದೆ ಶ್ರೀರಂಗ ಬಿಟ್ಟ ರಾಮಾನುಜಾಚಾರ್ಯರು 12ನೇ ಶತಮಾನದ ಆರಂಭದಲ್ಲಿ ಈ ಕಡೆ ಬಂದರು. ಆಗ ಇಲ್ಲಿ ಆಳುತ್ತಿದ್ದವನು ಹೊಯ್ಸಳರ ಬಿಟ್ಟಿದೇವ, ಅಂದರೆ ನಮಗೆ ಗೊತ್ತಿರುವ ವಿಷ್ಣುವರ್ಧನ. ಆಚಾರ್ಯರು ಹನ್ನೆರಡು ವರ್ಷ ಮೇಲುಕೋಟೆಯಲ್ಲಿದ್ದರು ಅಂತ ಸಂಪ್ರದಾಯದವರು ಹೇಳುತ್ತಾರೆ.

ಇನ್ನು ಕಥೆ. ಮೂಲಮೂರ್ತಿ ಸಿಕ್ಕಿತು, ಉತ್ಸವಮೂರ್ತಿ ಇಲ್ಲ. ಅದು ದೆಹಲಿಯ ಅರಮನೆಯಲ್ಲಿದೆ, ಸುಲ್ತಾನನ ಮಗಳು ಅದನ್ನು ಬೊಂಬೆಯ ಹಾಗೆ ಆಡಿಸಿಕೊಂಡಿದ್ದಾಳೆ. ಆಚಾರ್ಯರು ಅಲ್ಲಿಗೇ ಹೋಗಿ "ಬಾ ಚೆಲುವ ಮಗುವೇ" ಅಂತ ಕರೆದರೆ ಮೂರ್ತಿ ನಡೆದು ಬಂದು ತೊಡೆ ಮೇಲೆ ಕೂತಿತಂತೆ. ಅದಕ್ಕೇ ಚೆಲ್ವಪಿಳ್ಳೆ ಅಂತ ಹೆಸರು. ಬಿಟ್ಟಿರಲಾರದೆ ಹುಡುಗಿ ಹಿಂದೆಯೇ ಬಂದಳು, ಇಲ್ಲೇ ದೇವರಲ್ಲಿ ಸೇರಿಹೋದಳು. ಅವಳೇ ಬೀಬಿ ನಾಚ್ಚಿಯಾರ್. ದೇವರ ಪಾದದ ಬಳಿ ಅವಳಿಗೆ ಜಾಗ ಇದೆ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದೇ 1206ರಲ್ಲಿ, ಹಾಗಾಗಿ ಇಸವಿ ಹಿಡಿದು ಕೂತರೆ ಲೆಕ್ಕ ಹೊಂದುವುದಿಲ್ಲ. ಆದರೆ ಒಂದು ಕಟ್ಟಾ ಸಂಪ್ರದಾಯದ ಊರು ಇಷ್ಟು ಶತಮಾನ ಇಂಥ ಒಬ್ಬ ಹುಡುಗಿಯನ್ನು ಗರ್ಭಗುಡಿಯಿಂದ ಆಚೆ ಹಾಕದೆ ಉಳಿಸಿಕೊಂಡಿದೆ ಅನ್ನೋದು ಇಸವಿಗಿಂತ ದೊಡ್ಡ ವಿಷಯ ಅಲ್ವಾ?

ಅದೇ ಕಥೆಯ ಬಾಲ ಇನ್ನೊಂದಿದೆ. ಮೂರ್ತಿ ತರುವಾಗ ದಾರಿಯಲ್ಲಿ ಕಳ್ಳರು ಬಿದ್ದರಂತೆ, ಆಗ ಕೈಹಿಡಿದವರು ಊರಾಚೆ ಇಟ್ಟಿದ್ದ ಜನ. ಆಚಾರ್ಯರು ಅವರನ್ನು ತಿರುಕುಲದವರು ಅಂತ ಕರೆದು, ವರ್ಷಕ್ಕೆ ಮೂರು ದಿನ ದೇವಸ್ಥಾನದೊಳಗೆ ಬರುವ ಹಕ್ಕು ಕೊಟ್ಟರು. ಇದನ್ನು ಹೊಗಳುವವರು ತುಂಬಾ ಜನ. ಉಳಿದ 362 ದಿನದ ಬಗ್ಗೆ ಕೇಳುವವರು ಕಡಿಮೆ. ನೀವು ಕಾಲೇಜಿನವರು, ಎರಡನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ವೈರಮುಡಿಗೆ ಹೋಗಲೋ, ಬೇರೆ ದಿನ ಹೋಗಲೋ? ರಷ್ ಹೇಗಿರುತ್ತದೆ? — ಬೆಂಗಳೂರಿನ ಓದುಗರು

ರಷ್ ಅಂದರೆ, ನೀವು ನಡೆಯುವುದಿಲ್ಲ, ಜನ ನಿಮ್ಮನ್ನು ನಡೆಸುತ್ತಾರೆ. ವೈರಮುಡಿ ಉತ್ಸವ ಮಾರ್ಚ್–ಏಪ್ರಿಲ್ ನಡುವೆ ಬರುತ್ತದೆ, ತಿಥಿ ನೋಡಿಕೊಳ್ಳಿ. ವೈರಮುಡಿ ಅಂದರೆ ದೇವರ ವಜ್ರದ ಕಿರೀಟ, ಅದು ವರ್ಷವೆಲ್ಲ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಆ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಗಳಲ್ಲೆಲ್ಲ ಪೂಜೆ ಮಾಡಿಸಿಕೊಂಡು ಸಂಜೆ ಬೆಟ್ಟ ಸೇರುತ್ತದೆ. ರಾತ್ರಿ ಗರುಡನ ಮೇಲೆ ಕೂತ ಚೆಲುವನಾರಾಯಣನ ತಲೆಗೆ ಏರುತ್ತದೆ. ಮುಡಿಯನ್ನು ಬರಿಗಣ್ಣಲ್ಲಿ ನೋಡಬಾರದು ಅಂತ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ತೊಡಿಸುವ ಪದ್ಧತಿ.

ನನ್ನನ್ನು ಕೇಳಿದರೆ, ಆ ದಿನ ಬೆಟ್ಟದ ಮೇಲಲ್ಲ, ಕೆಳಗಿನ ಯಾವುದಾದರೂ ಹಳ್ಳಿಯಲ್ಲಿ ನಿಲ್ಲಿ. ಮನೆ ಮುಂದೆ ಸಾರಿಸಿ ರಂಗೋಲಿ ಹಾಕಿ, ಮಾವಿನ ಸೊಪ್ಪು ಕಟ್ಟಿ, ತಟ್ಟೆಯಲ್ಲಿ ಹಣ್ಣುಕಾಯಿ ಹಿಡಿದು ಹೆಂಗಸರು ಕಾಯುತ್ತಿರುತ್ತಾರೆ, ಪಾನಕ ಮಜ್ಜಿಗೆ ಹಂಚುತ್ತಿರುತ್ತಾರೆ, ಗಾಡಿ ಬಂದು ಎರಡು ನಿಮಿಷ ನಿಂತು ಹೋಗುತ್ತದೆ. ಪೆಟ್ಟಿಗೆ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೂ ಆ ಎರಡು ನಿಮಿಷದ ಮುಖಗಳನ್ನು ನೋಡಬೇಕು.

ಜನಜಂಗುಳಿ ಆಗದವರಿಗೆ ಕಾರ್ತಿಕದಲ್ಲಿ ರಾಜಮುಡಿ ಉತ್ಸವ ಇದೆ. ಆ ಕಿರೀಟ ಮೈಸೂರಿನ ರಾಜ ಒಡೆಯರು ಕೊಟ್ಟದ್ದು. ಅವರು 1578ರಿಂದ 1617ರವರೆಗೆ ಆಳಿದವರು. ಚಳಿ ಶುರುವಾಗಿರುತ್ತದೆ, ಮಳೆ ನಿಂತು ಕೊಳಗಳೆಲ್ಲ ತುಂಬಿರುತ್ತವೆ. ನನ್ನ ಓಟು ಇದಕ್ಕೇ.

ಪ್ರಶ್ನೆ: ಮನೆಯಲ್ಲಿ ಎಷ್ಟು ಸಲ ಮಾಡಿದರೂ ಮೇಲುಕೋಟೆ ಪುಳಿಯೋಗರೆ ರುಚಿ ಬರೋದಿಲ್ಲ. ಪ್ಯಾಕೆಟ್ ಪುಡಿ ಎಲ್ಲ ಹಾಕಿ ನೋಡಿಯಾಯಿತು. — ಗೃಹಿಣಿ, ಶಿವಮೊಗ್ಗ

ಇದು ಪ್ರವಾಸದ ಅಂಕಣ ಅಕ್ಕಾ! ಆದರೂ ಮೇಲುಕೋಟೆ ವಿಷಯದಲ್ಲಿ ಪುಳಿಯೋಗರೆಯೂ ನೋಡುವ ಜಾಗವೇ, ಹೇಳುತ್ತೇನೆ.

ನಿಮ್ಮ ತಪ್ಪು ಪುಡಿಯಲ್ಲಿಲ್ಲ, ಆತುರದಲ್ಲಿದೆ. ಅಲ್ಲಿಯ ರುಚಿ ಇರುವುದು ಗೊಜ್ಜಿನಲ್ಲಿ. ಹುಣಸೆಹಣ್ಣಿನ ಗಟ್ಟಿ ರಸ, ಬೆಲ್ಲ, ಉಪ್ಪು ಸಣ್ಣ ಉರಿಯಲ್ಲಿ ಕುದಿಯಬೇಕು. ಎಷ್ಟು ಅಂದರೆ, ಹಸಿ ಹುಣಸೆಯ ವಾಸನೆ ಹೋಗಿ, ಗೊಜ್ಜು ಪಾತ್ರೆಯ ಅಂಚು ಬಿಟ್ಟು, ಎಣ್ಣೆ ಮೇಲೆ ತೇಲುವ ತನಕ. ಎಣ್ಣೆ ಎಳ್ಳೆಣ್ಣೆಯೇ ಆಗಬೇಕು, ಕೈ ಹಿಡಿಯಬೇಡಿ. ಮೆಂತ್ಯ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕರಿಮೆಣಸು ಬೇರೆ ಬೇರೆ ಹುರಿದು ಪುಡಿ ಮಾಡಿ. ಮೆಂತ್ಯ ಕೆಂಪಗಾಗುವ ಹೊತ್ತಿಗೆ ಇಳಿಸಿಬಿಡಿ, ಒಂದು ಕ್ಷಣ ಜಾಸ್ತಿಯಾದರೆ ಎಲ್ಲ ಕಹಿ. ಕರಿ ಎಳ್ಳು ಹುರಿದು ಪುಡಿ ಮಾಡಿ ಕೊನೆಗೆ ಹಾಕಿ. ಒಣಕೊಬ್ಬರಿ ನಿಮ್ಮಿಷ್ಟ. ಅನ್ನ ಉದುರುದುರಾಗಿ ಮಾಡಿ, ಅಗಲ ತಟ್ಟೆಗೆ ಹರವಿ, ಎಣ್ಣೆ ಬಿಟ್ಟು ಆರಿಸಿ. ಬಿಸಿ ಅನ್ನಕ್ಕೆ ಗೊಜ್ಜು ಕಲಸಿದರೆ ಮುದ್ದೆಯಾಗುತ್ತದೆ, ಅದನ್ನು ಮೇಲುಕೋಟೆಯಲ್ಲಿ ಯಾರೂ ಪುಳಿಯೋಗರೆ ಅನ್ನುವುದಿಲ್ಲ.

ಕಲಸಿದ ತಕ್ಷಣ ತಿನ್ನಬೇಡಿ. ಎರಡು ಮೂರು ಗಂಟೆ ಮುಚ್ಚಿಡಿ. ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ನಾವು ಮೂವರು ಗೆಳೆಯರು, ಬೈಕಿನಲ್ಲಿ ಬೆಂಗಳೂರಿನಿಂದ ಬರುತ್ತೇವೆ. ದೇವಸ್ಥಾನ ಬಿಟ್ಟು ಸುತ್ತಮುತ್ತ ಏನಿದೆ ಹೇಳಿ ಸರ್. ಹಳ್ಳಿ, ಕೆರೆ, ಕಾಡು ಆ ಥರ.

ಮೊದಲು ರಸ್ತೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅದು ಬೇಜಾರು. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಅಲ್ಲಿಂದ ಎಡಕ್ಕೆ ನಾಗಮಂಗಲ, ಜಕ್ಕನಹಳ್ಳಿ, ಮೇಲುಕೋಟೆ ಹೀಗೆ ಬನ್ನಿ. ನಾಗಮಂಗಲದಲ್ಲಿ ಕಾಫಿಗೆ ನಿಂತಾಗ ಸೌಮ್ಯಕೇಶವ ದೇವಸ್ಥಾನ ನೋಡಿಕೊಳ್ಳಿ. ಜಕ್ಕನಹಳ್ಳಿಯಲ್ಲಿ ತಿರುಗಿದ ಮೇಲೆ ರಸ್ತೆ ಮೇಲಕ್ಕೆ ಏರುತ್ತದೆ, ಗಾಳಿ ಬದಲಾಗುತ್ತದೆ, ಹೆಲ್ಮೆಟ್ಟಿನೊಳಗೇ ಗೊತ್ತಾಗುತ್ತದೆ.

ಬೆಟ್ಟದ ಸುತ್ತಿನ ಕುರುಚಲು ಕಾಡು ವನ್ಯಜೀವಿಧಾಮ. 1974ರಲ್ಲಿ ಘೋಷಣೆಯಾದದ್ದು, ಸುಮಾರು 50 ಚದರ ಕಿಲೋಮೀಟರ್, ಮುಖ್ಯವಾಗಿ ತೋಳಗಳಿಗಾಗಿ. ಹುಲಿ ಆನೆಗೆ ಕಾಡು ಬಿಟ್ಟುಕೊಡುವುದು ಕೇಳಿದ್ದೇವೆ, ತೋಳಕ್ಕೆ ಅಂತ ಬಿಟ್ಟಿರುವುದು ಅಪರೂಪ. ನನಗೆ ಇಷ್ಟು ಸಲ ಹೋದರೂ ತೋಳ ಕಂಡಿಲ್ಲ. ನವಿಲು ಮಾತ್ರ ಬೇಡ ಅಂದರೂ ಕಾಣುತ್ತದೆ. ಧನುಷ್ಕೋಟಿ ಅಂತ ಒಂದು ಬಂಡೆಯ ಜಾಗ ಇದೆ, ಸೀತೆಗೆ ಬಾಯಾರಿದಾಗ ರಾಮ ಬಾಣ ಹೊಡೆದು ನೀರು ತರಿಸಿದನಂತೆ. ಸಂಜೆಗೆ ಅಲ್ಲಿ ಕೂರಿ, ಆದರೆ ಬಿಯರ್ ಬಾಟಲಿ ಒಯ್ಯಬೇಡಿ. ಒಡೆದ ಗಾಜು ತುಳಿದು ಹೊಲಿಗೆ ಹಾಕಿಸಿಕೊಂಡವನು ಹೇಳುತ್ತಿದ್ದೇನೆ.

ಇನ್ನು ಕೆರೆ. ತೊಣ್ಣೂರು ಕೆರೆ ಬಿಟ್ಟು ಬಂದರೆ ನಿಮ್ಮ ಪೆಟ್ರೋಲ್ ದಂಡ. ಪಾಂಡವಪುರದ ಹತ್ತಿರ, ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು. ರಾಮಾನುಜರು ಇದಕ್ಕೆ ತಿರುಮಲಸಾಗರ ಅಂತ ಹೆಸರಿಟ್ಟರಂತೆ. 1746ರಲ್ಲಿ ಇಲ್ಲಿಗೆ ಬಂದ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್, ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂದ. ಊರೊಳಗೆ ನಂಬಿನಾರಾಯಣ, ಗೋಪಾಲಕೃಷ್ಣ ದೇವಸ್ಥಾನಗಳಿವೆ, ಮೇಲುಕೋಟೆಗೆ ಬರುವ ನೂರರಲ್ಲಿ ಹತ್ತು ಜನವೂ ಈ ಕಡೆ ತಲೆ ಹಾಕುವುದಿಲ್ಲ ಅನ್ನಿಸುತ್ತದೆ. ತಿಳಿನೀರು ಅಂತ ಈಜಲು ಮಾತ್ರ ಇಳಿಯಬೇಡಿ. ಏರಿ ಹತ್ತಿರ ಆಳ ತಿಳಿಯುವುದೇ ಇಲ್ಲ.

ದಾರಿಯಲ್ಲಿ ಹೊಗೆ ಕಂಡರೆ ಬೈಕ್ ನಿಲ್ಲಿಸಿ, ಅದು ಆಲೆಮನೆ. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. ಒಂದು ಕಡೆ ಗಾಣ ಕಬ್ಬು ಅರೆಯುತ್ತಿರುತ್ತದೆ, ಒಲೆಗೆ ಅದೇ ಕಬ್ಬಿನ ಒಣಸಿಪ್ಪೆ, ಮೇಲೆ ಆಳೆತ್ತರ ಅಗಲದ ಕೊಪ್ಪರಿಗೆ. ಕಬ್ಬಿನ ಹಾಲು ಉಕ್ಕಿದಾಗ ಒಬ್ಬ ಉದ್ದನೆ ಸೌಟಿನಲ್ಲಿ ನೊರೆ ತೆಗೆಯುತ್ತಿರುತ್ತಾನೆ. ಪಾಕ ಬಂತಾ ಅಂತ ನೋಡಲು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಥರ್ಮಾಮೀಟರ್ ಇಲ್ಲ, ಏನಿಲ್ಲ. ಹೋದ ಸಲ ನಾನು ಹೋದಾಗ ಅಲ್ಲಿದ್ದ ಹಿರಿಯರು ಆ ಉಂಡೆಯನ್ನು ಹಲಸಿನೆಲೆ ಮೇಲಿಟ್ಟು ನನ್ನ ಕೈಗೆ ಕೊಟ್ಟು, "ಅವಸ್ರ ಮಾಡ್ಬೇಡಿ, ನಾಲ್ಗೆ ಸುಡ್ತದೆ" ಅಂದರು. ಅವಸರ ಮಾಡಿದೆ, ಸುಟ್ಟಿತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಆದ್ದರಿಂದ ಎರಡು ಕೆಜಿ ಅಚ್ಚು ಬೆಲ್ಲ ಕೊಂಡೆ. ನೀವೂ ಹಾಗೇ ಮಾಡಿ. ಒಳಗೆ ಹೋಗುವ ಮುಂಚೆ ಕೇಳಿ, ರೀಲ್ಸ್ ಮಾಡಲು ಕೊಪ್ಪರಿಗೆ ಅಂಚಿಗೆ ಹೋಗಬೇಡಿ.

ಸಮಯ ಉಳಿದರೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು. ಅಲ್ಲಿಯ ಲಕ್ಷ್ಮೀನಾರಾಯಣ ದೇವಸ್ಥಾನದ ಹೊರಗೋಡೆಯ ಕೆಳಪಟ್ಟಿಯಲ್ಲಿ ರಾಮಾಯಣ ಮಹಾಭಾರತ ಸಾಲಾಗಿ ಕಡೆದಿದ್ದಾರೆ. ಬೇಲೂರಿನ ನೂಕುನುಗ್ಗಲು ಇಲ್ಲದೆ ಹೊಯ್ಸಳ ಶಿಲ್ಪ ನೋಡಬೇಕು ಅನ್ನುವವರಿಗೆ ಇದೇ ಜಾಗ.

ಪ್ರಶ್ನೆ: ಅಕ್ಕತಂಗಿ ಕೊಳದ ಕಥೆ ಏನು?

ಅಕ್ಕಪಕ್ಕ ಎರಡು ಕೊಳ, ಇಬ್ಬರು ಅಕ್ಕತಂಗಿಯರು ಕಟ್ಟಿಸಿದ್ದು. ಒಬ್ಬಳು ಖರ್ಚಿನ ಲೆಕ್ಕ ಕೇಳುತ್ತಲೇ ಕಟ್ಟಿಸಿದಳಂತೆ, ಇನ್ನೊಬ್ಬಳು ಕೇಳದೆ ಕೊಟ್ಟಳಂತೆ. ಅದಕ್ಕೇ ಒಂದರ ನೀರು ಕುಡಿಯಲು, ಇನ್ನೊಂದರದ್ದು ಬಟ್ಟೆ ಒಗೆಯಲು ಅಂತಾಯಿತು. ಲೆಕ್ಕ ಕೇಳಿದ್ದು ಅಕ್ಕನೋ ತಂಗಿಯೋ ಅನ್ನುವುದು ಹೇಳುವವರು ಮನೆಯಲ್ಲಿ ಅಕ್ಕನೋ ತಂಗಿಯೋ ಅನ್ನುವುದರ ಮೇಲೆ ಬದಲಾಗುತ್ತದೆ.

ಪ್ರಶ್ನೆ: ಮಗಳ ಮದುವೆ ಮುಂಚಿನ ಫೋಟೋಶೂಟ್ ರಾಯಗೋಪುರದಲ್ಲಿ ಮಾಡಬೇಕೆಂದು ಹಟ. ಜಾಗ ಚೆನ್ನಾಗಿದೆಯಾ?

ಚೆನ್ನಾಗಿದೆ. ನಾಲ್ಕು ಎತ್ತರದ ಕಂಬ, ಮೇಲೆ ಗೋಪುರ ಇಲ್ಲ, ಅರ್ಧಕ್ಕೇ ನಿಂತ ಕೆಲಸ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಗಿಬಿಟ್ಟಿತು ಅಂತ ಕಥೆ. ಸಿನಿಮಾದವರು ಆ ಕಂಬಗಳನ್ನು ಎಷ್ಟು ಸಲ ತೋರಿಸಿದ್ದಾರೆ ಅಂದರೆ ಮೊದಲ ಸಲ ಹೋದವರಿಗೂ ಬಂದು ಹೋದ ಜಾಗ ಅನ್ನಿಸುತ್ತದೆ. ಅನುಮತಿ ಮೊದಲೇ ಕೇಳಿಕೊಳ್ಳಿ, ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ, ಬಣ್ಣದ ಪುಡಿ ಎರಚಬೇಡಿ.

ಪ್ರಶ್ನೆ: ಮೇಲುಕೋಟೆ ಎಂದರೆ ಬರೀ ದೇವರು, ಪ್ರಸಾದ ಎನ್ನುವಂತೆ ಬರೆಯುತ್ತೀರಿ. ಅಲ್ಲಿ ಬದುಕುವ ಜನ ನಿಮಗೆ ಕಾಣಲಿಲ್ಲವೇ? — ನಿವೃತ್ತ ಅಧ್ಯಾಪಕರು, ಮೈಸೂರು

ಜಗಳಕ್ಕೆ ಬಂದವರು ಇವರೇ. ಮೇಷ್ಟ್ರೇ, ಒಪ್ಪಿದೆ, ಹೋದ ಸಲ ಜಾಗ ಸಾಲಲಿಲ್ಲ ಅಂತ ನೆಪ ಹೇಳುವುದಿಲ್ಲ.

ಈ ಊರಿನ ಹಿರಿಮೆ ಮತ್ತು ಗಾಯ ಎರಡೂ ಜನರದ್ದೇ. 1771ರಲ್ಲಿ ಹತ್ತಿರದ ಚಿನಕುರಳಿಯಲ್ಲಿ ಹೈದರಾಲಿ ಮರಾಠರ ಕೈಲಿ ಸೋತಾಗ, ಗೆದ್ದವರು ಬೆಟ್ಟ ಹತ್ತಿ ಊರು ಲೂಟಿ ಮಾಡಿದರು. ಕಬ್ಬಿಣಕ್ಕಾಗಿ ಮರದ ತೇರುಗಳಿಗೇ ಬೆಂಕಿ ಇಟ್ಟರು ಅಂತ ಹಳೆಯ ಬರಹಗಳಲ್ಲಿದೆ. ಮತ್ತೆ ಕಟ್ಟಿಕೊಂಡವರು ಊರಿನವರು. ಇಲ್ಲಿಯ ಬಿಳಿ ಮಣ್ಣಿನಿಂದ ಮಾಡಿದ ನಾಮದುಂಡೆ ದೂರದೂರದ ಶ್ರೀವೈಷ್ಣವರ ಹಣೆಗೆ ಹೋಗುತ್ತಿತ್ತು. ಕೈಮಗ್ಗದ ಪಂಚೆ ನೇಯುವವರು ಇದ್ದರು, ಈಗಲೂ ಕೆಲವರಿದ್ದಾರೆ. ಜನಪದ ಸೇವಾ ಟ್ರಸ್ಟಿನವರು ಖಾದಿ, ಸಹಜ ಬಣ್ಣ ಅಂತ ದಶಕಗಳಿಂದ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾರೆ. ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ತಾಳೆಗರಿಗಳ ದೊಡ್ಡ ಸಂಗ್ರಹ ಇದೆ.

ಆಮೇಲೆ ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ ಊರು ಇದು, ಅವರ ಮನೆ ಈಗ ಸ್ಮಾರಕ. ಜಗುಲಿ, ಮರದ ಕಂಬ, ತೊಟ್ಟಿಯ ಬೆಳಕು. ಪುಳಿಯೋಗರೆ ಅಂಗಡಿ ಮುಂದೆ ಸಾಲು ನಿಂತವರಲ್ಲಿ ಕಾಲುಭಾಗ ಜನ ಈ ಮನೆಗೆ ಬಂದರೂ ಜಾಗ ಸಾಲದು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಹುಟ್ಟಿದ್ದೂ ಇಲ್ಲೇ, 1948ರಲ್ಲಿ, ಅದನ್ನು ಆಟೋದವರೇ ಹೇಳುತ್ತಾರೆ. ಪು.ತಿ.ನ. ಮನೆ ಮಾತ್ರ ನಾವೇ ಕೇಳಿಕೊಂಡು ಹೋಗಬೇಕು.

ಪ್ರಶ್ನೆ: ಸರಿ, ರಾತ್ರಿ ಉಳಿಯುತ್ತೇವೆ. ಊಟ, ವಸತಿ?

ಛತ್ರಗಳು, ಸಣ್ಣ ವಸತಿಗೃಹಗಳಿವೆ. ಐಷಾರಾಮಿ ಬೇಕಾದರೆ ಮೈಸೂರಿಗೇ ಹೋಗಿ. ಹಬ್ಬ, ಶನಿವಾರ, ಭಾನುವಾರ ಆದರೆ ಮೊದಲೇ ಫೋನ್ ಮಾಡಿ ಹೇಳಿಡಿ. ಒಮ್ಮೆ ಹೇಳದೆ ಹೋಗಿ ಒಂದು ಛತ್ರದ ಜಗುಲಿಯಲ್ಲಿ ಬೆಳಗು ಮಾಡಿದ್ದೇನೆ, ಸೊಳ್ಳೆ ಬಿಟ್ಟರೆ ಚೆನ್ನಾಗಿಯೇ ಇತ್ತು. ಊರು ಬೇಗ ಮಲಗುತ್ತದೆ, ಊಟ ಎಂಟರೊಳಗೆ ಮುಗಿಸಿ. ಬೆಳಿಗ್ಗೆ ಬೆಟ್ಟ ಹತ್ತುವಾಗ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಒಳಗೆ ಬಾಳೆಹಣ್ಣೋ, ಔಷಧಿಯೋ, ಕಾರಿನ ಕೀಲಿಯೋ ಅಂತ ಅಲ್ಲಿಯ ಕೋತಿಗಳು ಬಿಚ್ಚಿಯೇ ನೋಡುತ್ತವೆ.